ಸಂಘದ ಪತ್ರಿಕೆ, ವಿಶ್ವವಿದ್ಯಾನಿಲಯದ ಪತ್ರಿಕೆ: ‘ಪ್ರಬುದ್ಧ ಕರ್ಣಾಟಕ’ದ ಎರಡು ರೂಪಗಳು

ಕನ್ನಡ ಪತ್ರಿಕೆಗಳ ಚರಿತ್ರೆ 1843ರ ‘ಮಂಗಳೂರ ಸಮಾಚಾರ’ದಿಂದ ಮೊದಲುಗೊಳ್ಳುತ್ತದೆ. ಮಿಷನರಿಗಳ ಪತ್ರಿಕೆ, ಸಂಸ್ಥಾನದ ಪತ್ರಿಕೆ, ರಾಷ್ಟ್ರೀಯ ಹೋರಾಟದ ಪತ್ರಿಕೆ, ಏಕೀಕರಣದ ಪತ್ರಿಕೆ ಎಂದು ಅದನ್ನು ವಿಭಾಗಿಸಿ ನೋಡುವ ಕ್ರಮ ನಮ್ಮಲ್ಲಿ ರೂಢಿಯಾಗಿದೆ. ಈ ವಿಭಾಗಗಳ ನಡುವೆ ಕಾಲೇಜಿನ ಆವರಣದಲ್ಲಿ ಹುಟ್ಟಿದ ಪತ್ರಿಕೆಗೆ ಪ್ರತ್ಯೇಕ ಸ್ಥಾನ ದೊರೆತಿರುವುದು ಕಡಿಮೆ. ಅಂಥ ಪತ್ರಿಕೆ ಸಾಹಿತ್ಯ ಚರಿತ್ರೆಯ ಭಾಗವಾಗಿ ಉಲ್ಲೇಖಗೊಳ್ಳುತ್ತದೆ. ಇಲ್ಲವೆ ಸಂಸ್ಥೆಯ ಚರಿತ್ರೆಯಲ್ಲಿ ಒಂದು ಸಾಲಾಗಿ ಉಳಿಯುತ್ತದೆ. ಅದನ್ನು ನಡೆಸಿದವರು ಯಾರು, ಅದು ಯಾರ ಸ್ವತ್ತಾಗಿತ್ತು, ಅದರಲ್ಲಿ ಬರೆಯುವ ಹಕ್ಕು ಯಾರಿಗಿತ್ತು ಎಂಬ ಪ್ರಶ್ನೆಗಳು ಕೇಳದೆಯೇ ಉಳಿಯುತ್ತವೆ.

ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ 1919ರಲ್ಲಿ ಹೊರಟ ‘ಪ್ರಬುದ್ಧ ಕರ್ಣಾಟಕ’ ತ್ರೈಮಾಸಿಕವನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಪತ್ರಿಕೆಗೆ ಎರಡು ರೂಪಗಳಿವೆ. ಮೊದಲನೆಯದು ಅಧ್ಯಾಪಕರೂ ವಿದ್ಯಾರ್ಥಿಗಳೂ ಕೂಡಿದ ಒಂದು ಸಂಘ ಸ್ವಂತ ಉತ್ಸಾಹದಿಂದ ನಡೆಸಿದ ಪತ್ರಿಕೆಯದು. ಎರಡನೆಯದು ಮೈಸೂರು ವಿಶ್ವವಿದ್ಯಾನಿಲಯ ತನ್ನ ಅಧಿಕೃತ ಪ್ರಕಟಣೆಯಾಗಿ ನಡೆಸಿದ ಪತ್ರಿಕೆಯದು. ಮುಂದೆ ನಾಡಿನಲ್ಲಿ ಸ್ಥಾಪಿತವಾದ ವಿಶ್ವವಿದ್ಯಾಲಯಗಳು ಈ ಎರಡನೆಯ ರೂಪವನ್ನು ಮಾದರಿಯಾಗಿ ಸ್ವೀಕರಿಸಿದವು; ಮೊದಲನೆಯದು ಮಾದರಿಯಾಗಲಿಲ್ಲ. ಅದರ ಪರಿಣಾಮವು ಬಿಜಾಪುರದಂಥ ಜಿಲ್ಲೆಗಳ ವಿದ್ಯಾರ್ಥಿಗಳ ಮಟ್ಟಿಗೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಗಮನಿಸಲಾಗಿದೆ.

1. ಹಿನ್ನೆಲೆ

ಮೈಸೂರು ವಿಶ್ವವಿದ್ಯಾನಿಲಯ 1916ರ ಜುಲೈ 27ರಂದು ಅಸ್ತಿತ್ವಕ್ಕೆ ಬಂದಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ, ಎಚ್.ವಿ. ನಂಜುಂಡಯ್ಯನವರ ಕುಲಪತಿತ್ವ ಆ ಆರಂಭದ ಸಂದರ್ಭವನ್ನು ಸೂಚಿಸುತ್ತವೆ. ಮೈಸೂರಿನ ಮಹಾರಾಜ ಕಾಲೇಜು, ಬೆಂಗಳೂರಿನ ಸೆಂಟ್ರಲ್ ಕಾಲೇಜು ಅದರ ಎರಡು ಮುಖ್ಯ ಅಂಗಗಳಾದವು. ಅದಕ್ಕೆ ಒಂದು ವರ್ಷ ಮೊದಲು, 1915ರಲ್ಲಿ, ಕನ್ನಡ ಸಾಹಿತ್ಯ ಪರಿಷತ್ತು ಬೆಂಗಳೂರಿನಲ್ಲಿ ಆರಂಭವಾಗಿತ್ತು. ಪರಿಷತ್ತಿನ ಮೊದಲ ಅಧ್ಯಕ್ಷರೂ ನಂಜುಂಡಯ್ಯನವರೇ ಎಂಬುದು ಆ ಕಾಲದ ಸಾಂಸ್ಥಿಕ ವಲಯ ಎಷ್ಟು ಚಿಕ್ಕದಾಗಿತ್ತು ಎಂಬುದನ್ನು ತೋರಿಸುತ್ತದೆ.

ವಿಶ್ವವಿದ್ಯಾನಿಲಯ ದೇಶೀಯವಾಗಿತ್ತಾದರೂ ಅದರ ಬೋಧನೆಯ ಭಾಷೆ ಇಂಗ್ಲಿಷ್ ಆಗಿತ್ತು. ಕನ್ನಡ ಒಂದು ಪಠ್ಯವಿಷಯವಾಗಿ ಇದ್ದಿತೇ ಹೊರತು ಉನ್ನತ ಅಧ್ಯಯನದ ಶಿಸ್ತಾಗಿ ಬೆಳೆದಿರಲಿಲ್ಲ. ಕನ್ನಡ ಎಂ.ಎ. ತರಗತಿಗಳು ಆರಂಭವಾದುದು 1927ರಲ್ಲಿ, ಅಂದರೆ ವಿಶ್ವವಿದ್ಯಾನಿಲಯಕ್ಕೆ ಹನ್ನೊಂದು ವರ್ಷ ತುಂಬಿದಾಗ. ವಿದ್ಯಾವಂತ ತರುಣನು ತನ್ನ ಗಂಭೀರ ಬರವಣಿಗೆಗೆ ಇಂಗ್ಲಿಷನ್ನೇ ಆರಿಸಿಕೊಳ್ಳುವುದು ಅಂದು ಸಹಜವೆನಿಸಿತ್ತು. ಕುವೆಂಪು ಅವರು ಮೈಸೂರಿನಲ್ಲಿ ವಿದ್ಯಾರ್ಥಿಯಾಗಿದ್ದಾಗ 1922ರಲ್ಲಿ ಪ್ರಕಟಿಸಿದ ಮೊದಲ ಸಂಕಲನ ಇಂಗ್ಲಿಷಿನದು. 1924ರಲ್ಲಿ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಮಾತೃಭಾಷೆಯಲ್ಲಿ ಬರೆಯುವಂತೆ ಅವರಿಗೆ ಸೂಚಿಸಿದ ಸಂಗತಿ ಸುಪರಿಚಿತವಾದುದು. ಕನ್ನಡದ ಮಹಾಕವಿಯೊಬ್ಬರಿಗೇ ಈ ತಿರುವು ಅಗತ್ಯವಾಗಿತ್ತೆಂದ ಮೇಲೆ ಉಳಿದ ವಿದ್ಯಾರ್ಥಿಗಳ ಸ್ಥಿತಿಯನ್ನು ಊಹಿಸಬಹುದು.

ಕಾನೂನಿನ ಸಂದರ್ಭವನ್ನೂ ಇಲ್ಲಿ ನೆನೆಯಬೇಕು. ಮೈಸೂರು ಸಂಸ್ಥಾನದಲ್ಲಿ 1908ರಲ್ಲಿ ಜಾರಿಗೆ ಬಂದ ವೃತ್ತಪತ್ರಿಕಾ ನಿಬಂಧನೆಯು ಸುದ್ದಿಪತ್ರಿಕೆ ನಡೆಸಲು ಸರ್ಕಾರದ ಅನುಮತಿಯನ್ನು ಕಡ್ಡಾಯಗೊಳಿಸಿತ್ತು. ಅದನ್ನು ಪ್ರತಿಭಟಿಸಿ ಎಂ. ವೆಂಕಟಕೃಷ್ಣಯ್ಯನವರು ತಮ್ಮ ಪತ್ರಿಕೆಗಳನ್ನೇ ನಿಲ್ಲಿಸಿದರು. ಇಂಥ ವಾತಾವರಣದಲ್ಲಿ ಸರ್ಕಾರಿ ಕಾಲೇಜೊಂದರ ಸಂಘಕ್ಕೆ ಸುದ್ದಿಯ ದಾರಿ ಸುಗಮವಾದುದಾಗಿರಲಿಲ್ಲ. ಅದು ವಿಚಾರದ ದಾರಿಯನ್ನು ಹಿಡಿಯಿತು.

2. ಸಂಘ ಮತ್ತು ಪತ್ರಿಕೆ

ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದ ಹಿಂದಿನ ಪ್ರೇರಕಶಕ್ತಿ ಎ.ಆರ್. ಕೃಷ್ಣಶಾಸ್ತ್ರಿಗಳು. 1890ರಲ್ಲಿ ಜನಿಸಿದ ಅವರಿಗೆ ಪತ್ರಿಕೆ ಹೊರಟಾಗ ಇನ್ನೂ ಮೂವತ್ತು ತುಂಬಿರಲಿಲ್ಲ. ಮುಂದೆ ‘ವಚನ ಭಾರತ’, ‘ಕಥಾಮೃತ’ಗಳ ಕರ್ತೃವಾಗಿ, 1941ರ ಹೈದರಾಬಾದ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾಗಿ, ಬಂಕಿಮಚಂದ್ರರನ್ನು ಕುರಿತ ಗ್ರಂಥಕ್ಕೆ 1961ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರಾಗಿ ಅವರು ಪ್ರಸಿದ್ಧರಾದರು. ಆದರೆ 1919ರಲ್ಲಿ ಅವರು ಕಾಲೇಜಿನ ತರುಣ ಅಧ್ಯಾಪಕರು ಮಾತ್ರ. ಅವರ ಜೊತೆಗೆ ನಿಂತವರು ಟಿ.ಎಸ್. ವೆಂಕಣ್ಣಯ್ಯನವರು. ಇಬ್ಬರ ಸ್ನೇಹವನ್ನೂ ಕನ್ನಡ ಸೇವೆಯನ್ನೂ ಕಂಡವರು ಅವರನ್ನು ಅಶ್ವಿನೀದೇವತೆಗಳೆಂದು ಕರೆದರು.

‘ಪ್ರಬುದ್ಧ ಕರ್ಣಾಟಕ’ವನ್ನು ಇಂದಿನ ಅರ್ಥದಲ್ಲಿ ವಿದ್ಯಾರ್ಥಿ ಪತ್ರಿಕೆ ಎಂದು ಕರೆಯಬಹುದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಹೊರದೇಶಗಳ ನಿದರ್ಶನವನ್ನು ನೋಡಿದರೆ ಉತ್ತರ ಸರಳವಲ್ಲ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ‘ಕ್ರಿಮ್ಸನ್’ 1873ರಲ್ಲಿಯೂ ಯೇಲ್ ವಿಶ್ವವಿದ್ಯಾಲಯದ ‘ಡೈಲಿ ನ್ಯೂಸ್’ 1878ರಲ್ಲಿಯೂ ಆರಂಭವಾದವು. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ‘ಚರ್ವೆಲ್’ ಹೊರಟುದು 1920ರಲ್ಲಿ, ಅಂದರೆ ನಮ್ಮ ಪತ್ರಿಕೆ ಹೊರಟ ಮರುವರ್ಷ. ಅವುಗಳಲ್ಲಿ ಸಂಪಾದಕರು, ವರದಿಗಾರರು, ವ್ಯವಸ್ಥಾಪಕರು ಎಲ್ಲರೂ ವಿದ್ಯಾರ್ಥಿಗಳು. ವಿಷಯ ಮುಖ್ಯವಾಗಿ ಆವರಣದ ಸುದ್ದಿ. ಅಲ್ಲಿನ ವಿದ್ಯಾರ್ಥಿಗೆ ಭಾಷೆ ಸಮಸ್ಯೆಯಾಗಿರಲಿಲ್ಲ; ತರಗತಿಯ ಭಾಷೆಯೇ ಪತ್ರಿಕೆಯ ಭಾಷೆಯಾಗಿತ್ತು. ಬೆಂಗಳೂರಿನ ವಿದ್ಯಾರ್ಥಿಗಾದರೋ ಭಾಷೆಯನ್ನೇ ಮೊದಲು ಸಿದ್ಧಪಡಿಸಿಕೊಳ್ಳಬೇಕಾಗಿತ್ತು. ತರಗತಿಯಲ್ಲಿ ಇಂಗ್ಲಿಷಿನಲ್ಲಿ ಕೇಳಿದ ಚರಿತ್ರೆಯನ್ನೋ ಪದಾರ್ಥವಿಜ್ಞಾನವನ್ನೋ ಕನ್ನಡದಲ್ಲಿ ಹೇಳುವುದು ಹೇಗೆ ಎಂಬುದೇ ಅವನ ಮುಂದಿದ್ದ ಪ್ರಶ್ನೆ. ಆದ್ದರಿಂದ ಅಧ್ಯಾಪಕನ ಕೈ ಇಲ್ಲಿ ಮೇಲ್ವಿಚಾರಣೆಯ ಕೈಯಾಗಿರಲಿಲ್ಲ. ಅದು ಜೊತೆಗೆ ಕಲಿಯುವವನ ಕೈಯಾಗಿತ್ತು. ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಬರೆಯುವುದರಲ್ಲಿ ಆ ಅಧ್ಯಾಪಕರೂ ಹೊಸಬರೇ.

ಈ ದೃಷ್ಟಿಯಿಂದ ಸಂಘದ ರಚನೆಗೆ ವಿಶೇಷ ಮಹತ್ವವಿದೆ. ಸಂಘದಲ್ಲಿ ಒಬ್ಬನು ಸದಸ್ಯನಾಗುವುದು ಇಚ್ಛೆಯಿಂದ. ಅಲ್ಲಿ ಅಂಕಗಳಿಲ್ಲ, ಹಾಜರಿಯಿಲ್ಲ. ಉಪನ್ಯಾಸ, ಚರ್ಚೆ, ಕಾವ್ಯವಾಚನ, ನಾಟಕ ಇವು ಕಾಲೇಜು ಸಂಘಗಳ ನಿತ್ಯದ ಚಟುವಟಿಕೆಗಳಾಗಿದ್ದವು. ಸಭೆಯಲ್ಲಿ ಆಡಿದ ಮಾತು ಅಲ್ಲಿಯೇ ಕರಗಿಹೋಗದೆ ನಾಡಿಗೆ ತಲುಪಬೇಕಾದರೆ ಅದು ಅಚ್ಚಾಗಬೇಕು. ಪತ್ರಿಕೆಯಿರುವ ಸಂಘಕ್ಕೂ ಪತ್ರಿಕೆಯಿಲ್ಲದ ಸಂಘಕ್ಕೂ ಇರುವ ಅಂತರ ಇದೇ.

ಮೂರು ತಿಂಗಳಿಗೊಮ್ಮೆ ಹೊರಡುವ ಕ್ರಮವೂ ಅರ್ಥಪೂರ್ಣವಾಗಿದೆ. ದಿನಪತ್ರಿಕೆಗೆ ಸುದ್ದಿ ಬೇಕು, ವಾರಪತ್ರಿಕೆಗೆ ಅಭಿಪ್ರಾಯ ಬೇಕು, ತ್ರೈಮಾಸಿಕಕ್ಕೆ ಪ್ರಬಂಧ ಬೇಕು. ಅಚ್ಚುಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಕರಡು ತಿದ್ದಿ, ಮುದ್ರಿಸಿ, ಅಂಚೆಗೆ ಹಾಕಬೇಕಾಗಿದ್ದ ಆ ಕಾಲದಲ್ಲಿ ಪಾಠ ಹೇಳುವವರಿಗೂ ಪರೀಕ್ಷೆಗೆ ಓದುವವರಿಗೂ ಇದಕ್ಕಿಂತ ವೇಗದ ಗತಿ ಸಾಧ್ಯವಿರಲಿಲ್ಲ. ಹೀಗೆ ಅನಿವಾರ್ಯವಾಗಿ ಒದಗಿದ ನಿಧಾನವೇ ಪತ್ರಿಕೆಯ ಗುಣವಾಯಿತು. ಸಾಹಿತ್ಯ ವಿಮರ್ಶೆ, ಇತಿಹಾಸ, ವಿಜ್ಞಾನ, ಗ್ರಂಥಾವಲೋಕನ ಇವುಗಳಿಗೆ ಒಗ್ಗುವ ಗದ್ಯವೊಂದು ಕನ್ನಡದಲ್ಲಿ ರೂಪುಗೊಳ್ಳಲು ಇಂಥ ಪುಟಗಳು ನೆರವಾದವು. ಅದೇ ದಶಕದ ಕೊನೆಯಲ್ಲಿ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು ನಡೆಸಿದ ‘ವಿಜ್ಞಾನ’ ಮಾಸಪತ್ರಿಕೆಯನ್ನೂ ಇದರ ಜೊತೆಯಲ್ಲಿಟ್ಟು ನೋಡಬೇಕು. ವೆಂಕಟನಾರಣಪ್ಪನವರೂ ಸೆಂಟ್ರಲ್ ಕಾಲೇಜಿನ ಅಧ್ಯಾಪಕರೇ.

3. ಹೆಸರಿನಲ್ಲಿದ್ದ ನಾಡು

ಪತ್ರಿಕೆಯ ಹೆಸರು ಕೂಡ ವಿಚಾರಣೀಯವಾದುದು. ‘ಪ್ರಬುದ್ಧ’ ಎಂದರೆ ಎಚ್ಚೆತ್ತ ಎಂದರ್ಥ. ರಾಮಕೃಷ್ಣ ಪರಂಪರೆಯ ‘ಪ್ರಬುದ್ಧ ಭಾರತ’ 1896ರಿಂದಲೇ ಪ್ರಕಟವಾಗುತ್ತಿದ್ದುದರಿಂದ ಆ ಶಬ್ದ ವಿದ್ಯಾವಂತರಿಗೆ ಹೊಸದಾಗಿರಲಿಲ್ಲ. ಆದರೆ ‘ಕರ್ಣಾಟಕ’ ಎಂಬ ಹೆಸರಿನ ರಾಜ್ಯ 1919ರಲ್ಲಿ ಭೂಪಟದಲ್ಲಿ ಎಲ್ಲಿಯೂ ಇರಲಿಲ್ಲ. ಸಂಘವಿದ್ದುದು ಮೈಸೂರು ಸಂಸ್ಥಾನದಲ್ಲಿ. ಕಾಲೇಜು ಮೈಸೂರು ವಿಶ್ವವಿದ್ಯಾನಿಲಯದ್ದು. ಆದರೂ ಆ ತರುಣರು ತಮ್ಮ ಸಂಘವನ್ನಾಗಲಿ ಪತ್ರಿಕೆಯನ್ನಾಗಲಿ ಮೈಸೂರಿನ ಹೆಸರಿನಿಂದ ಕರೆಯಲಿಲ್ಲ. ಏಕೀಕರಣಕ್ಕೆ ಇನ್ನೂ ಮೂವತ್ತೇಳು ವರ್ಷವಿತ್ತು. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾದದ್ದು 1973ರಲ್ಲಿ.

ಬಿಜಾಪುರದಲ್ಲಿ ಜನಿಸಿ ಧಾರವಾಡದಲ್ಲಿ ನೆಲೆಸಿದ ಆಲೂರು ವೆಂಕಟರಾಯರು 1917ರಲ್ಲಿ ‘ಕರ್ನಾಟಕ ಗತವೈಭವ’ವನ್ನು ಪ್ರಕಟಿಸಿದ್ದರು. ಅದಕ್ಕೂ ಮೊದಲು, 1911ರಲ್ಲಿ, ಬಿ.ಎಂ. ಶ್ರೀಕಂಠಯ್ಯನವರು ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಕನ್ನಡದ ಏಳಿಗೆಯ ಬಗೆಯನ್ನು ಕುರಿತು ಮಾತನಾಡಿದ್ದರು. ದಕ್ಷಿಣ ಮತ್ತು ಉತ್ತರಗಳ ನಡುವೆ ವಿಚಾರಗಳು ಹೀಗೆ ಸಂಚರಿಸುತ್ತಿದ್ದವು. ಪತ್ರಿಕೆಯ ಹೆಸರು ಈ ಸಂಚಾರದ ಫಲವೆಂದು ತಿಳಿಯಬಹುದು. ಆದರೆ ಹೆಸರು ಇಡೀ ನಾಡನ್ನು ಒಳಗೊಂಡಿದ್ದರೂ ಸೌಲಭ್ಯಗಳು ಇಡೀ ನಾಡಿಗೆ ಇರಲಿಲ್ಲ.

4. ಅದೇ ಕಾಲದಲ್ಲಿ ಬಿಜಾಪುರ ಜಿಲ್ಲೆ

ಬಸವನ ಬಾಗೇವಾಡಿ ತಾಲ್ಲೂಕಿನ ಹೂವಿನ ಹಿಪ್ಪರಗಿಯಂಥ ಊರಿನ ಒಬ್ಬ ಬುದ್ಧಿವಂತ ಹುಡುಗನನ್ನು 1919ರಲ್ಲಿ ಕಲ್ಪಿಸಿಕೊಳ್ಳೋಣ. ಅವನ ಊರು ಮುಂಬಯಿ ಪ್ರಾಂತ್ಯದ ಬಿಜಾಪುರ ಜಿಲ್ಲೆಗೆ ಸೇರಿದ್ದು. ಅವನು ಪದವಿಗೆ ಓದಬೇಕೆಂದರೆ ಜಿಲ್ಲೆಯಲ್ಲಿ ಕಾಲೇಜಿಲ್ಲ. ಧಾರವಾಡದ ಕರ್ನಾಟಕ ಕಾಲೇಜು 1917ರಲ್ಲಿ ತೆರೆದಿತ್ತು. ಸಾಂಗಲಿಯ ವಿಲಿಂಗ್ಡನ್ ಕಾಲೇಜು 1919ರಲ್ಲಿ ಆಗಷ್ಟೇ ಆರಂಭವಾಗುತ್ತಿತ್ತು. ಇಲ್ಲವಾದರೆ ಪುಣೆ ಅಥವಾ ಮುಂಬಯಿ. ಎಲ್ಲಿಗೆ ಹೋದರೂ ಪದವಿ ಕೊಡುವುದು ಮುಂಬಯಿ ವಿಶ್ವವಿದ್ಯಾಲಯ. ಅಲ್ಲಿ ಕನ್ನಡವು ಹಲವು ದೇಶಭಾಷೆಗಳ ನಡುವೆ ಒಂದು. ಕೃಷ್ಣಶಾಸ್ತ್ರಿಗಳ ಸಂಘಕ್ಕೆ ಇದ್ದಂಥ ನೆಲೆ, ಅಂದರೆ ಕನ್ನಡ ಬಲ್ಲ ಅಧ್ಯಾಪಕವರ್ಗ, ಕನ್ನಡವನ್ನಾಡುವ ವಿದ್ಯಾರ್ಥಿ ಸಮೂಹ, ಸಹಾನುಭೂತಿಯಿಂದ ನೋಡುವ ಸರ್ಕಾರ ಇವು ಮೂರೂ ಒಟ್ಟಿಗೆ ಈ ಭಾಗದಲ್ಲಿ ದೊರೆಯುವಂತಿರಲಿಲ್ಲ.

ಪರಿಣಾಮವಾಗಿ ಇಲ್ಲಿ ಪತ್ರಿಕೆಗಳು ಕಾಲೇಜಿನ ಹೊರಗೆ ಹುಟ್ಟಿದವು. ಧಾರವಾಡದ ವಿದ್ಯಾವರ್ಧಕ ಸಂಘ 1896ರಲ್ಲಿಯೇ ‘ವಾಗ್ಭೂಷಣ’ವನ್ನು ಆರಂಭಿಸಿತ್ತು. 1922ರಲ್ಲಿ ‘ಜಯಕರ್ನಾಟಕ’ ಹೊರಟಿತು. ಬೇಂದ್ರೆಯವರ ಸುತ್ತ ಕೂಡಿದ ಗೆಳೆಯರ ಗುಂಪು ಅದಕ್ಕೆ ಸಾಹಿತ್ಯಕ ಚೈತನ್ಯ ನೀಡಿತು. ಬಿಜಾಪುರದಲ್ಲಿ ಈ ಕಾರ್ಯವನ್ನು ಹೆಚ್ಚುಕಡಿಮೆ ಒಬ್ಬರೇ ಹೊತ್ತರು. ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದರು, 1925ರಲ್ಲಿ ತಮ್ಮ ಮನೆಯನ್ನೇ ಮಾರಿ ‘ಹಿತಚಿಂತಕ’ ಮುದ್ರಣಾಲಯವನ್ನು ಸ್ಥಾಪಿಸಿದರು, 1926ರಲ್ಲಿ ‘ಶಿವಾನುಭವ’, 1927ರಲ್ಲಿ ‘ನವಕರ್ನಾಟಕ’ ಪತ್ರಿಕೆಗಳನ್ನು ಆರಂಭಿಸಿದರು. ಬೆಂಗಳೂರಿನಲ್ಲಿ ಒಂದು ಸಂಘ ಹಂಚಿಕೊಂಡ ಭಾರವನ್ನು ಬಿಜಾಪುರದಲ್ಲಿ ಒಂದು ಮನೆತನ ಹೊತ್ತಿತೆಂದು ಹೇಳಿದರೆ ಅತಿಶಯವಾಗದು.

ಇಂಡಿ ಭಾಗದ ಹಲಸಂಗಿಯ ಗೆಳೆಯರದು ಇನ್ನೂ ಭಿನ್ನವಾದ ನಿದರ್ಶನ. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ರೇವಪ್ಪ ಕಾಪಸೆ ಇವರ ಬಳಗಕ್ಕೆ ವಿಶ್ವವಿದ್ಯಾಲಯದ ನಂಟಿರಲಿಲ್ಲ. ಮಧುರಚೆನ್ನರ ಶಾಲೆಯ ಓದು ಮುಲ್ಕಿ ಪರೀಕ್ಷೆಯವರೆಗಿನದು. ಸಿಂಪಿ ಲಿಂಗಣ್ಣನವರು ಶಾಲಾ ಶಿಕ್ಷಕರು. ಆದರೂ ಅವರ ಶ್ರಮದಿಂದ 1931ರಲ್ಲಿ ‘ಗರತಿಯ ಹಾಡು’ ಸಂಕಲನ ಬೆಳಕಿಗೆ ಬಂದು ಜಾನಪದ ಅಧ್ಯಯನಕ್ಕೆ ದಾರಿಯಾಯಿತು. ತರುಣರು ಸ್ವಇಚ್ಛೆಯಿಂದ ಕೂಡಿ, ಓದಿ, ಚರ್ಚಿಸಿ, ಪ್ರಕಟಿಸುವ ಗುಣದಲ್ಲಿ ಹಲಸಂಗಿಯ ಬಳಗಕ್ಕೂ ಸೆಂಟ್ರಲ್ ಕಾಲೇಜಿನ ಸಂಘಕ್ಕೂ ಸಾಮ್ಯವಿದೆ. ಒಂದಕ್ಕೆ ಕಾಲೇಜಿನ ಆಸರೆಯಿತ್ತು, ಇನ್ನೊಂದಕ್ಕೆ ಇರಲಿಲ್ಲ. ಪ್ರತಿಭೆ ಎರಡೂ ಕಡೆ ಇತ್ತು ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕಾಗಿದೆ.

5. ಒಡೆತನದ ಬದಲಾವಣೆ

ಬೆಂಗಳೂರಿನ ಪತ್ರಿಕೆಯತ್ತ ಮರಳೋಣ. ಕಾಲೇಜು ಸಂಘವೊಂದು ನಡೆಸುವ ಪತ್ರಿಕೆಗೆ ಹುಟ್ಟಿನಲ್ಲಿಯೇ ಒಂದು ದೌರ್ಬಲ್ಯವಿರುತ್ತದೆ. ವಿದ್ಯಾರ್ಥಿಗಳು ಕೆಲವೇ ವರ್ಷಗಳಲ್ಲಿ ಕಾಲೇಜು ಬಿಡುತ್ತಾರೆ, ಅಧ್ಯಾಪಕರು ವರ್ಗವಾಗುತ್ತಾರೆ, ಚಂದಾದಾರರು ಬಾಕಿ ಉಳಿಸಿಕೊಳ್ಳುತ್ತಾರೆ. ಕೃಷ್ಣಶಾಸ್ತ್ರಿಗಳೂ ವೆಂಕಣ್ಣಯ್ಯನವರೂ ಮುಂದೆ ಮೈಸೂರಿನ ಮಹಾರಾಜ ಕಾಲೇಜಿಗೆ ಸೇರಿದರು. ಒಂದು ದಶಕಕ್ಕೂ ಹೆಚ್ಚು ಕಾಲ ಸಂಘದ ಹೆಸರಿನಲ್ಲಿ ನಡೆದ ಪತ್ರಿಕೆಯನ್ನು 1930ರ ದಶಕದ ಮೊದಲ ಭಾಗದಲ್ಲಿ ಮೈಸೂರು ವಿಶ್ವವಿದ್ಯಾನಿಲಯ ವಹಿಸಿಕೊಂಡಿತು.

ಇದರಿಂದಾದ ಲಾಭ ಸ್ಪಷ್ಟವಾಗಿದೆ. ಪತ್ರಿಕೆಗೆ ಹಣಕಾಸಿನ ಭದ್ರತೆ ಬಂದಿತು. ಆ ದಶಕದಲ್ಲಿ ವಿಶ್ವವಿದ್ಯಾನಿಲಯ ಹಮ್ಮಿಕೊಂಡ ಪ್ರಚಾರೋಪನ್ಯಾಸಗಳು, ಕನ್ನಡ ಗ್ರಂಥಮಾಲೆ ಮೊದಲಾದ ಕಾರ್ಯಗಳ ಜೊತೆಗೆ ಪತ್ರಿಕೆಯೂ ಸೇರಿ, ಉನ್ನತ ಜ್ಞಾನವನ್ನು ಕನ್ನಡದಲ್ಲಿ ತರುವ ಒಂದು ವ್ಯವಸ್ಥೆ ರೂಪುಗೊಂಡಿತು. ಕುವೆಂಪು ಅವರು 1956ರಿಂದ 1960ರವರೆಗೆ ಕುಲಪತಿಗಳಾಗಿದ್ದು ಉನ್ನತ ಶಿಕ್ಷಣದಲ್ಲಿ ಕನ್ನಡ ಮಾಧ್ಯಮದ ಪರವಾಗಿ ವಾದಿಸಿದಾಗ, ಕನ್ನಡದಲ್ಲಿ ಶಾಸ್ತ್ರವಿಷಯಗಳನ್ನು ಹೇಳಲು ಸಾಧ್ಯವೆ ಎಂದು ಕೇಳಿದವರಿಗೆ ತೋರಿಸಲು ನಾಲ್ಕು ದಶಕಗಳ ಸಂಚಿಕೆಗಳು ಸಿದ್ಧವಾಗಿದ್ದವು. ಅನಂತರ ‘ವಿಜ್ಞಾನ ಕರ್ಣಾಟಕ’, ‘ಮಾನವಿಕ ಕರ್ಣಾಟಕ’ ಎಂಬ ಸೋದರ ಪತ್ರಿಕೆಗಳೂ ವಿಶ್ವವಿದ್ಯಾನಿಲಯದಿಂದ ಬಂದವು. ಆರಂಭವಾಗಿ 2019ಕ್ಕೆ ನೂರು ವರ್ಷ ತುಂಬಿದ ಹೆಸರೊಂದು ಉಳಿದುಬಂದುದಕ್ಕೆ ಈ ಆಸರೆಯೇ ಕಾರಣ. ಸಂಘದ ಕೈಯಲ್ಲಿಯೇ ಇದ್ದಿದ್ದರೆ ಅದು ಆ ಕಾಲದ ಅನೇಕ ಪತ್ರಿಕೆಗಳ ಹಾದಿಯನ್ನೇ ಹಿಡಿಯುತ್ತಿತ್ತೆಂದು ಭಾವಿಸಲು ಅವಕಾಶವಿದೆ.

ನಷ್ಟವನ್ನು ಗುರುತಿಸುವುದು ಇಷ್ಟು ಸುಲಭವಲ್ಲ. ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಬರೆಯುವವನು ವಿದ್ವಾಂಸ. ವಿದ್ಯಾರ್ಥಿ ಅದರ ಓದುಗ. ಸಂಘದ ಪತ್ರಿಕೆಯಲ್ಲಿ ಈ ಗೆರೆ ಇಷ್ಟು ಗಟ್ಟಿಯಾಗಿರಲಿಲ್ಲ. ಅಪಕ್ವವಾದರೂ ಸ್ವಂತದ್ದಾದ ಬರಹಕ್ಕೆ ಸಂಘದಲ್ಲಿ ಇರುವ ಸಹನೆಯನ್ನು ಅಧಿಕೃತ ಪ್ರಕಟಣೆಯಿಂದ ನಿರೀಕ್ಷಿಸಲಾಗದು. ಇದು ಯಾರ ದೋಷವೂ ಅಲ್ಲ. ಸಂಸ್ಥೆಯ ಸ್ವಭಾವವೇ ಹಾಗೆ. ಪತ್ರಿಕೆಯ ಆಯುಷ್ಯ ಬೆಳೆಯಿತು. ಅದರ ಹೊಸ್ತಿಲೂ ಎತ್ತರವಾಯಿತು. ಸೆಂಟ್ರಲ್ ಕಾಲೇಜಿನಲ್ಲಿ ಸಂಘದ ಪರಂಪರೆ ಬೇರೆ ರೀತಿಯಲ್ಲಿ ಮುಂದುವರಿದುದನ್ನೂ ಇಲ್ಲಿ ಹೇಳಬೇಕು. ಮುಂದಿನ ತಲೆಮಾರಿನಲ್ಲಿ ಜಿ.ಪಿ. ರಾಜರತ್ನಂ ಅವರು ಅಲ್ಲಿ ಅಧ್ಯಾಪಕರಾಗಿದ್ದಾಗ ವಿದ್ಯಾರ್ಥಿ ಲೇಖಕರಿಗೆ ನೀಡಿದ ಪ್ರೋತ್ಸಾಹ ಆ ಮೊದಲ ರೂಪದ ನೆನಪನ್ನು ಜೀವಂತವಾಗಿರಿಸಿತು.

6. ಮುಂದಿನ ವಿಶ್ವವಿದ್ಯಾಲಯಗಳು ಮತ್ತು ವಿದ್ಯಾರ್ಥಿ

ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಮುಂಬಯಿಯಲ್ಲಿ ಸ್ಥಾಪಿತವಾಗಿ ಮರುವರ್ಷ ಧಾರವಾಡಕ್ಕೆ ಬಂದಿತು. ಬಿಜಾಪುರ ಜಿಲ್ಲೆಯ ಕಾಲೇಜುಗಳು ಅದರ ವ್ಯಾಪ್ತಿಗೆ ಸೇರಿದವು. ಆ ವಿಶ್ವವಿದ್ಯಾಲಯ ಹೊರತಂದ ‘ಕರ್ನಾಟಕ ಭಾರತಿ’, ಬೆಂಗಳೂರು ವಿಶ್ವವಿದ್ಯಾಲಯದ ‘ಸಾಧನೆ’ ಇವು ಮೌಲಿಕವಾದ ಪತ್ರಿಕೆಗಳು. ಎರಡೂ ಅನುಸರಿಸಿದ್ದು ‘ಪ್ರಬುದ್ಧ ಕರ್ಣಾಟಕ’ದ ಎರಡನೆಯ ರೂಪವನ್ನು. ವಿದ್ವತ್ಪತ್ರಿಕೆ ಇರಬೇಕೆಂಬ ಪಾಠವನ್ನು ಎಲ್ಲರೂ ಕಲಿತರು. ಅಂಥ ಪತ್ರಿಕೆ ಒಂದು ಕಾಲೇಜು ಸಂಘದಿಂದ ಮೊಳೆಯಿತೆಂಬ ಪಾಠ ಹಿಂದೆ ಬಿದ್ದಿತು.

ಹಾಗಾದರೆ ವಿದ್ಯಾರ್ಥಿಗೆ ಉಳಿದುದೇನು? ಎರಡು ದಾರಿಗಳು ಉಳಿದವು. ಮೊದಲನೆಯದು ಕಾಲೇಜಿನ ವಾರ್ಷಿಕ ಸಂಚಿಕೆ. ಪ್ರಾಚಾರ್ಯರ ವರದಿ, ಪಾರಿತೋಷಕ ಪಡೆದವರ ಭಾವಚಿತ್ರ, ಒಂದಿಷ್ಟು ಕವನ, ಹನಿಗವನ, ಪ್ರವಾಸಕಥನ ಇವು ಅದರ ಸಾಮಾನ್ಯ ಸಾಮಗ್ರಿ. ಅನೇಕ ಲೇಖಕರ ಮೊದಲ ಬರಹ ಇಂಥ ಸಂಚಿಕೆಗಳಲ್ಲಿಯೇ ಅಚ್ಚಾದುದು ನಿಜ. ಆದರೆ ವರ್ಷಕ್ಕೊಮ್ಮೆ ಬರುವ ಸಂಚಿಕೆಯಲ್ಲಿ ವಾದಕ್ಕೆ ಪ್ರತಿವಾದ ಬರಲಾರದು. ಒಂದು ಬರಹಕ್ಕೆ ಇನ್ನೊಂದು ಬರಹ ಉತ್ತರವಾಗಲಾರದು. ಉತ್ತರಿಸಬೇಕಾದವನು ಅಷ್ಟರಲ್ಲಿ ಕಾಲೇಜು ಬಿಟ್ಟಿರುತ್ತಾನೆ. ಪತ್ರಿಕೆಯ ಜೀವ ಇರುವುದು ಮುಂದಿನ ಸಂಚಿಕೆಯಲ್ಲಿ.

ಎರಡನೆಯದು ಪತ್ರಿಕೋದ್ಯಮ ವಿಭಾಗಗಳ ಪ್ರಾಯೋಗಿಕ ಪತ್ರಿಕೆ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮದ ಅಧ್ಯಯನ ಆರಂಭವಾಯಿತು. ಭಾರತದಲ್ಲಿ ಈ ವಿಷಯವನ್ನು ಪದವಿ ಮಟ್ಟದಲ್ಲಿ ಬೋಧಿಸಿದ ಮೊದಲ ಕೆಲವು ಕೇಂದ್ರಗಳಲ್ಲಿ ಅದೂ ಒಂದು. ಅನಂತರ ಇತರ ವಿಶ್ವವಿದ್ಯಾಲಯಗಳಲ್ಲಿಯೂ ವಿಭಾಗಗಳು ತೆರೆದವು. ವಿದ್ಯಾರ್ಥಿಗಳೇ ವರದಿ ಮಾಡಿ, ತಲೆಬರಹ ಕೊಟ್ಟು, ಪುಟ ಕಟ್ಟುವ ಪ್ರಾಯೋಗಿಕ ಪತ್ರಿಕೆ ಪಠ್ಯಕ್ರಮದ ಭಾಗವಾಯಿತು. ಹೊರರೂಪದಲ್ಲಿ ಇದು ನಿಜವಾದ ವಿದ್ಯಾರ್ಥಿ ಪತ್ರಿಕೆ. ಆದರೆ ಅದಕ್ಕೆ ಅಂಕಗಳಿವೆ, ಅದನ್ನು ತಿದ್ದುವವರು ಪರೀಕ್ಷಕರು. ಇಚ್ಛೆಯಿಂದ ಸೇರಿದ ಸಂಘದ ಸ್ಥಾನದಲ್ಲಿ ಇಲ್ಲಿ ಕಡ್ಡಾಯದ ತರಗತಿಯಿದೆ. ವೃತ್ತಿಯ ಕೌಶಲವನ್ನು ಅದು ಕಲಿಸುತ್ತದೆ. ಪತ್ರಿಕೆ ತನ್ನದೆಂಬ ಭಾವವನ್ನು ತಾನಾಗಿಯೇ ಕೊಡುವುದಿಲ್ಲ.

ಇಂದಿನ ವಿಜಯಪುರ ಜಿಲ್ಲೆಯ ಸ್ಥಿತಿ 1919ರದಲ್ಲ. 2003ರಲ್ಲಿ ರಾಜ್ಯದ ಮಹಿಳಾ ವಿಶ್ವವಿದ್ಯಾಲಯ ಬಿಜಾಪುರದಲ್ಲಿಯೇ ಸ್ಥಾಪಿತವಾಯಿತು. 2017ರಿಂದ ಅದು ಅಕ್ಕಮಹಾದೇವಿಯ ಹೆಸರನ್ನು ಹೊತ್ತಿದೆ. 2010ರಲ್ಲಿ ಬೆಳಗಾವಿಯಲ್ಲಿ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಆರಂಭವಾಗಿ ಜಿಲ್ಲೆಯ ಇತರ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಹೂವಿನ ಹಿಪ್ಪರಗಿಯ ಹುಡುಗಿಯೊಬ್ಬಳು ಈಗ ಜಿಲ್ಲೆಯನ್ನು ಬಿಡದೆ ಸ್ನಾತಕೋತ್ತರ ಪದವಿ ಪಡೆಯಬಲ್ಲಳು, ಪತ್ರಿಕೋದ್ಯಮವನ್ನೇ ಓದಬಲ್ಲಳು. ಹಳಕಟ್ಟಿಯವರು ಮನೆ ಮಾರಿ ಕೊಳ್ಳಬೇಕಾಗಿದ್ದ ಮುದ್ರಣದ ಸಾಮರ್ಥ್ಯ ಇಂದು ಒಂದು ಗಣಕಯಂತ್ರದಲ್ಲಿದೆ. ಸಾಧನಗಳ ಕೊರತೆ ನೀಗಿದೆ. ಇನ್ನೂ ನೀಗದಿರುವುದು ವಿದ್ಯಾರ್ಥಿಯ ಬರಹವನ್ನು ಅಂಕಗಳಿಗಾಗಿ ಅಲ್ಲದೆ 
ಓದುಗರಿಗಾಗಿ ಬೇಡುವ ಸಂಘದ ಕೊರತೆ.

7. ಸಮಾರೋಪ

ಒಟ್ಟಿನಲ್ಲಿ ‘ಪ್ರಬುದ್ಧ ಕರ್ಣಾಟಕ’ದ ಚರಿತ್ರೆಯಿಂದ ಎರಡು ಸಂಗತಿಗಳು ವ್ಯಕ್ತವಾಗುತ್ತವೆ. ವಿಶ್ವವಿದ್ಯಾನಿಲಯದ ಆಸರೆಯಿಲ್ಲದೆ ಅಂಥ ಪತ್ರಿಕೆ ಬಹುಕಾಲ ಬಾಳಲಾರದು ಎಂಬುದು ಮೊದಲನೆಯದು. ಹಳಕಟ್ಟಿಯವರ ತ್ಯಾಗವನ್ನು ನಾವು ಕೊಂಡಾಡುವಾಗ, ಅಂಥ ತ್ಯಾಗ ಅಗತ್ಯವಾದುದೇ ಈ ಭಾಗದಲ್ಲಿ ಆಸರೆಯ ಸಂಸ್ಥೆ ಇಲ್ಲದಿದ್ದುದರಿಂದ ಎಂಬುದನ್ನು ಮರೆಯಬಾರದು. ವಿಶ್ವವಿದ್ಯಾನಿಲಯ ತಾನೇ ತಾನಾಗಿ ಅಂಥ ಪತ್ರಿಕೆಯನ್ನು ಹುಟ್ಟಿಸಲಿಲ್ಲ ಎಂಬುದು ಎರಡನೆಯದು. ಅದನ್ನು ಹುಟ್ಟಿಸಿದ್ದು ಆದೇಶವಲ್ಲ, ಅನುದಾನವಲ್ಲ. ಮೂವತ್ತು ತುಂಬದ ಅಧ್ಯಾಪಕನೂ ಅವನ ವಿದ್ಯಾರ್ಥಿಗಳೂ ಒಂದೇ ಮೇಜಿನ ಸುತ್ತ ಕುಳಿತ ಸಂಘ.

ಆದ್ದರಿಂದ ನಮ್ಮ ವಿಶ್ವವಿದ್ಯಾಲಯಗಳು ವಿದ್ವತ್ಪತ್ರಿಕೆಯನ್ನು ನಡೆಸುವುದರ ಜೊತೆಗೆ ಅಂಥ ಸಂಘಗಳಿಗೆ ಎಡೆಮಾಡಿಕೊಡಬೇಕಾಗಿದೆ. ಪತ್ರಿಕೆಯ ಖರ್ಚನ್ನು ಸಂಸ್ಥೆ ಭರಿಸಿ ಅದರ ಪುಟಗಳನ್ನು ವಿದ್ಯಾರ್ಥಿಗಳಿಗೆ ಬಿಟ್ಟುಕೊಡುವುದು ಅಸಾಧ್ಯವಾದ ಏರ್ಪಾಡೇನೂ ಅಲ್ಲ. ಅದರಲ್ಲಿ ಮೂಡುವ ಬರಹವೆಲ್ಲ ಉತ್ತಮವಾಗಿರಬೇಕಾಗಿಲ್ಲ. ಹಿಪ್ಪರಗಿ, ಸಿಂದಗಿ, ಮುದ್ದೇಬಿಹಾಳಗಳ ವಿದ್ಯಾರ್ಥಿಗಳು ತಮ್ಮ ಊರಿನ ನೀರು, ಬೆಳೆ, ಗುಳೆ, ಶಾಸನ, ಹಾಡು ಇವುಗಳನ್ನು ಕುರಿತು ತಾವೇ ಬರೆದು, ತಾವೇ ತಿದ್ದಿ, ಮುಂದಿನ ಸಂಚಿಕೆಯಲ್ಲಿ ಒಬ್ಬರಿಗೊಬ್ಬರು ಉತ್ತರಿಸುವಂತಾದರೆ ಸಾಕು. ಅಂಥ ಪುಟಗಳಿಂದಲೇ ಮುಂದಿನ ವಿದ್ವತ್ಪತ್ರಿಕೆಗೆ ಬರಹಗಾರರು ದೊರೆಯುತ್ತಾರೆ ಎಂಬುದಕ್ಕೆ ಸೆಂಟ್ರಲ್ ಕಾಲೇಜಿನ ನಿದರ್ಶನ ನಮ್ಮ ಮುಂದಿದೆ.